ವಿಚಾರಣಾಕಾಲೇ ನಿಯಮಾಭ್ಯಾಸಃ

ಗ್ರೆನೇಡ್ ಎಸೆದು ಅಮೆರಿಕದ ಸೈನಿಕನನ್ನು ಕೊಂದ ಆರೋಪದ ಮೇಲೆ ಹುಡುಗನಾಗಿದ್ದಾಗಲೇ ಸೆರೆಯಾದ ಕೆನಡಾ ಪ್ರಜೆ ಒಮರ್ ಖದ್ರ್‌ಗೆ ಕೆನಡಾ ಸರ್ಕಾರ 2017ರಲ್ಲಿ ಪರಿಹಾರವಾಗಿ ಕೊಟ್ಟ 1.05 ಕೋಟಿ ಡಾಲರ್ ಕೆಲವರ ಹೊಟ್ಟೆಯಲ್ಲಿ ಇನ್ನೂ ಅರಗಿಲ್ಲ. ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು ‘ಭಯೋತ್ಪಾದಕನಿಗೆ ಲಾಟರಿ’ ಎಂದು ತೇಗುತ್ತಾರೆ. ಹೌದು ಸ್ವಾಮಿ, ಲಾಟರಿಯೇ. ಟಿಕೆಟ್ ದರವನ್ನೂ ಒಮ್ಮೆ ನೋಡಿಬಿಡಿ. ಬೆನ್ನಿಗೆ ಎರಡು ಗುಂಡು, ಕಣ್ಣಿಗೆ ಬಾಂಬಿನ ಚೂರು, ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಸೆರೆಮನೆ ಗ್ವಾಂಟಾನಮೊದಲ್ಲಿ ಹತ್ತು ವರ್ಷ. ಜೊತೆಗೆ ‘ಫ್ರೀಕ್ವೆಂಟ್ ಫ್ಲೈಯರ್’ ಯೋಜನೆಯ ಸದಸ್ಯತ್ವ: ಮೂರು ವಾರ, ಮೂರು ಗಂಟೆಗೊಮ್ಮೆ ಕೋಣೆ ಬದಲು, ನಿದ್ದೆಗೆ ರಜೆ. ಅದು ಗೊತ್ತಿದ್ದೂ ಕೆನಡಾದ ಅಧಿಕಾರಿ 2004ರಲ್ಲಿ ಎದುರು ಕೂತು ಪ್ರಶ್ನೆ ಕೇಳಿ, ಉತ್ತರಗಳನ್ನು ಅಮೆರಿಕಕ್ಕೆ ಒಪ್ಪಿಸಿ ಮನೆಗೆ ಹೋದ. ಹಕ್ಕಿನ ಉಲ್ಲಂಘನೆ ಎಂದು ಕೆನಡಾದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಇದಕ್ಕೇ.

ವಯಸ್ಸಿನ ವಿಷಯದಲ್ಲಿ ಪೆಂಟಗನ್ನಿನ ಶ್ರದ್ಧೆಯನ್ನು ಮೆಚ್ಚಲೇಬೇಕು. 2002ರ ಜುಲೈ 27ರಂದು ಅಫ್ಘಾನಿಸ್ತಾನದಲ್ಲಿ ಸಿಕ್ಕಾಗ ಹುಡುಗನಿಗೆ 15. ಅವರ ಲೆಕ್ಕದಲ್ಲಿ 16ರ ಒಳಗಿದ್ದರೆ ಮಾತ್ರ ಬಾಲಕ. ಸೆಪ್ಟೆಂಬರ್ 19ಕ್ಕೆ ಹದಿನಾರು ತುಂಬಿತು, ಅಕ್ಟೋಬರ್‌ನಲ್ಲಿ ಗ್ವಾಂಟಾನಮೊಗೆ ವಿಮಾನ ಹತ್ತಿಸಿ ದೊಡ್ಡವರ ಸಾಲಿಗೆ ಸೇರಿಸಿದರು. ಇನ್ನೂ ಚಿಕ್ಕವರಾದ ಮೂವರನ್ನು ಅಲ್ಲೇ ಕ್ಯಾಂಪ್ ಇಗ್ವಾನಾದಲ್ಲಿ ಬೇರೆ ಇಟ್ಟು ಪಾಠ ಹೇಳಿಕೊಟ್ಟದ್ದೂ ಉಂಟು. ಆ ಡಿಸೆಂಬರ್‌ನಲ್ಲೇ ಅಮೆರಿಕ ಬಾಲಸೈನಿಕರ ಕುರಿತ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆಗೆ ಮುದ್ರೆ ಒತ್ತಿತು. ಅಂಥ ಮಕ್ಕಳಿಗೆ ಪುನರ್ವಸತಿ ಕೊಡಬೇಕು ಎನ್ನುತ್ತದೆ ಅದರ 6ನೇ ವಿಧಿ. ಕೊಟ್ಟರಲ್ಲ, ಸಮುದ್ರದ ಪಕ್ಕದಲ್ಲೇ.

ಇನ್ನು ನ್ಯಾಯಾಲಯ. 2005ರಲ್ಲಿ ಆರೋಪ ಹೊರಿಸಿದರು, 2006ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅವನನ್ನು ವಿಚಾರಿಸಬೇಕಿದ್ದ ‘ಮಿಲಿಟರಿ ಆಯೋಗ’ ಎಂಬ ಸೇನಾ ನ್ಯಾಯಾಲಯವೇ ಅಕ್ರಮ ಎಂದಿತು. ಹೊಸ ಕಾಯ್ದೆ ಬಂತು. 2007ರ ಜೂನ್‌ನಲ್ಲಿ ಜಡ್ಜ್ ಬ್ರೌನ್‌ಬ್ಯಾಕ್ ಕಡತ ಬಿಚ್ಚಿದರೆ, ಅದರಲ್ಲಿದ್ದದ್ದು ‘ಶತ್ರು ಹೋರಾಟಗಾರ’. ಕಾಯ್ದೆ ಕೇಳಿದ್ದು ‘ಕಾನೂನುಬಾಹಿರ ಶತ್ರು ಹೋರಾಟಗಾರ’. ಒಂದು ವಿಶೇಷಣ ಕಮ್ಮಿ, ಕೇಸು ವಜಾ. ಮೇಲ್ಮನವಿ ಹಾಕೋಣವೆಂದರೆ ಅದನ್ನು ಕೇಳಬೇಕಾದ ಕೋರ್ಟಿನಲ್ಲಿ ಇನ್ನೂ ಜಡ್ಜುಗಳೇ ಇರಲಿಲ್ಲ! ತುರ್ತಾಗಿ ಕೂರಿಸಿದರು. ಕೂತವರು ಸೆಪ್ಟೆಂಬರ್‌ನಲ್ಲಿ, ಬಿಟ್ಟುಹೋದ ವಿಶೇಷಣವನ್ನು ಜಡ್ಜೇ ತುಂಬಿಕೊಳ್ಳಬಹುದು ಎಂದರು. ಅದೇ ಬ್ರೌನ್‌ಬ್ಯಾಕ್ 2008ರ ಮೇನಲ್ಲಿ, ಬಂಧನದ ದಾಖಲೆ ಕೊಡದಿದ್ದರೆ ವಿಚಾರಣೆ ನಿಲ್ಲಿಸುತ್ತೇನೆ ಎಂದು ಪ್ರಾಸಿಕ್ಯೂಷನ್‌ಗೆ ಗದರಿದರು. ತಿಂಗಳು ಮುಗಿಯುವುದರೊಳಗೆ ಬೇರೆ ಜಡ್ಜ್ ಬಂದರು. ನಿವೃತ್ತಿಗೆ ಮರಳುವ ಹೊತ್ತಾಗಿತ್ತಂತೆ.

ನಿಯಮಪುಸ್ತಕದ ಕಥೆ ಇನ್ನೂ ಸೊಗಸು. 2010ರ ಏಪ್ರಿಲ್ 28ಕ್ಕೆ ವಾಯಿದೆ. ಆಯೋಗದ ಹೊಸ ಕೈಪಿಡಿಗೆ ಸಹಿ ಬಿದ್ದದ್ದು 27ಕ್ಕೆ. ಬೆಳಗಾದರೆ ವಾದಿಸಬೇಕಾದ ವಕೀಲರಿಗೆ ರಾತ್ರೋರಾತ್ರಿ ಓದು. ಅದರಲ್ಲೊಂದು ಟಿಪ್ಪಣಿ: ‘ಯುದ್ಧನಿಯಮ ಉಲ್ಲಂಘಿಸಿದ ಕೊಲೆ’ ಎಂಬ ಅಪರಾಧ ಸಾಬೀತಾಗಲು ಅಂತರರಾಷ್ಟ್ರೀಯ ಯುದ್ಧನಿಯಮ ಉಲ್ಲಂಘನೆ ಆಗಿರಲೇಬೇಕೆಂದಿಲ್ಲ. ಇನ್ನೊಮ್ಮೆ ಓದಿಕೊಳ್ಳಿ, ಮುದ್ರಣದೋಷವಲ್ಲ. ಕಾದಾಟದಲ್ಲಿ ಸೈನಿಕನ ಮೇಲೆ ಗ್ರೆನೇಡ್ ಎಸೆದದ್ದನ್ನು ಯುದ್ಧಾಪರಾಧ ಮಾಡಲು ಬೇರೆ ದಾರಿ ಇರಲಿಲ್ಲ.

ನಗು ಇಲ್ಲಿಗೆ ಸಾಕು. ಸೆರೆ ಸಿಕ್ಕ ಹೊಸತರಲ್ಲಿ ಮೊದಲ ವಿಚಾರಣೆ ನಡೆದದ್ದು ಅಫ್ಘಾನಿಸ್ತಾನದ ಬಾಗ್ರಾಮಿನ ಅಮೆರಿಕದ ಸೇನಾನೆಲೆಯಲ್ಲಿ, ಮತ್ತಿನ ಮದ್ದು ಕೊಟ್ಟು ಸ್ಟ್ರೆಚರ್ ಮೇಲೆ ಮಲಗಿಸಿದ್ದ ಹುಡುಗನ ಮೇಲೆ. ಸಹಕರಿಸದ ಅಫ್ಘನ್ ಹುಡುಗನೊಬ್ಬನ ಮೇಲೆ ಜೈಲಿನಲ್ಲಿ ಅತ್ಯಾಚಾರವಾಯಿತು ಎಂಬ ಕಟ್ಟುಕಥೆ ಹೇಳಿ ಹೆದರಿಸಿದೆವೆಂದು ವಿಚಾರಣಾಧಿಕಾರಿಯೇ ಸಾಕ್ಷಿ ನುಡಿದ. ಹೊಸ ಜಡ್ಜ್ ಎಲ್ಲವನ್ನೂ ಕೇಳಿಸಿಕೊಂಡು, ಹುಡುಗನ ಹೇಳಿಕೆಗಳಷ್ಟನ್ನೂ ಪುರಾವೆಯಾಗಿ ಒಪ್ಪಿದರು. ಅದೇ ಗ್ವಾಂಟಾನಮೊದಲ್ಲಿ, ಹದಿಹರೆಯದಲ್ಲೇ ಸೆರೆಯಾದ ಮೊಹಮ್ಮದ್ ಜವಾದ್‌ನ ತಪ್ಪೊಪ್ಪಿಗೆಯನ್ನು ಹಿಂಸೆಯಿಂದ ಬಂದದ್ದೆಂದು ಇನ್ನೊಬ್ಬ ಜಡ್ಜ್ 2008ರಲ್ಲೇ ತಳ್ಳಿಹಾಕಿದ್ದರು. ಮಗುವಿನ ಹಕ್ಕು ಯಾವ ಕೋಣೆಗೆ ಕರೆದೊಯ್ದರು ಎಂಬುದರ ಮೇಲೆ ನಿಂತಿತ್ತು. ಇದಕ್ಕೆ ವ್ಯಂಗ್ಯ ಎಲ್ಲಿಂದ ತರುವುದು?

2010ರ ಅಕ್ಟೋಬರ್‌ನಲ್ಲಿ ಅವನು ತಪ್ಪೊಪ್ಪಿಕೊಂಡ. ‘ನೋಡಿ, ಅವನೇ ಒಪ್ಪಿದ’ ಎನ್ನುವವರು ಒಪ್ಪದಿದ್ದರೆ ಏನಾಗುತ್ತಿತ್ತೆಂದು ತಿಳಿದಿರಲಿ. ಖುಲಾಸೆಯಾದರೂ ಬಿಡಬೇಕೆಂದಿಲ್ಲ, ಯುದ್ಧ ಮುಗಿಯುವವರೆಗೂ ಇಟ್ಟುಕೊಳ್ಳಬಹುದು ಎಂಬುದು ಸರ್ಕಾರದ ವಾದ. ತಪ್ಪು ಒಪ್ಪಿದವನಿಗೆ ಮಾತ್ರ ಹೊರಹೋಗುವ ತಾರೀಖು. ಒಪ್ಪಂದದ ಪ್ರಕಾರ 8 ವರ್ಷ. ಶಿಕ್ಷೆ ನಿರ್ಧರಿಸಲು ಕೂತ ಏಳು ಮಂದಿ ಸೇನಾಧಿಕಾರಿಗಳಿಗೆ ಆ ವಿಷಯ ಹೇಳಿರಲಿಲ್ಲ. ಪ್ರಾಸಿಕ್ಯೂಷನ್ ಅವರೆದುರು 25 ಕೇಳಿತು. ಅವರು ಕೂಡಿ ಆಲೋಚಿಸಿ 40 ಕೊಟ್ಟರು.