ಫೇರೋ ಮಹಾರಾಜನ ಒಂದು ಗ್ರಾಂ ಗೋಲ್ಡ್

ಭಾನುವಾರ ಗೃಹಪ್ರವೇಶದ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆ. ನಮ್ಮ ಷಡ್ಡಕರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಈಜಿಪ್ಟ್ ಟೂರ್ ಮುಗಿಸಿ ಬಂದು ಹತ್ತು ದಿನ ಆಗಿದೆಯಂತೆ. ಫೋನ್ ತೆಗೆದರು. ಅಬು ಸಿಂಬೆಲ್ ದೇವಾಲಯದ ಮುಂದೆ ರಾಮ್ಸೆಸ್ ರಾಜ (ಈಜಿಪ್ಟಿನ ರಾಜರಿಗೆ ಫೇರೋ ಅನ್ನುತ್ತಾರೆ) 20 ಮೀಟರ್ ಎತ್ತರಕ್ಕೆ ಕೂತಿದ್ದಾನೆ, ಅವನ ಕಾಲಬೆರಳ ಹತ್ತಿರ ಇವರು ಹಳದಿ ಟೋಪಿ ಹಾಕಿಕೊಂಡು ನಿಂತಿದ್ದಾರೆ.

"ಒಬ್ಬನೇ ನುಗ್ಗಿ ಹಿಟ್ಟೈಟ್ ಸೈನ್ಯಾನ ಪುಡಿ ಮಾಡಿದನಂತೆ ಕಣ್ರೀ. ಒಳಗೆ ಗೋಡೆ ತುಂಬ ಕೆತ್ತಿದ್ದಾರೆ. ಆಗ ಜಗತ್ತಿನ ರಾಜರೆಲ್ಲ ಫೇರೋ ಕಾಲಿಗೆ ಬೀಳ್ತಿದ್ರಂತೆ!"

ಬಾಯಲ್ಲಿ ಎಲೆ ಇತ್ತು, ಸುಮ್ಮನಿದ್ದೆ. ಈಗ ಇಲ್ಲ.

ನಾನು ಮೂವತ್ತು ವರ್ಷ ಏನು ಕೆಲಸ ಮಾಡಿದೆ ಅಂತ ನಿಮಗೆಲ್ಲ ಗೊತ್ತು. ಬ್ಯಾಂಕಿನಲ್ಲಿ ಅಡವಿಗೆ ಬಂದ ಚಿನ್ನ ನೋಡುವ ಅಪ್ರೈಸರ್. "ಅಜ್ಜಿ ಕಾಲದ ಅಪರಂಜಿ ಸಾರ್" ಅಂತ ಗಿರಾಕಿ ಹೇಳಿದ ಕೂಡಲೇ ಸಾಲ ಕೊಟ್ಟಿದ್ದರೆ ನಾನು ಎಂದೋ ಜೈಲಿನಲ್ಲಿರುತ್ತಿದ್ದೆ. ಒರೆಗಲ್ಲಿಗೆ ಉಜ್ಜಬೇಕು, ಆಸಿಡ್ ಬಿಡಬೇಕು, ಆಮೇಲೆ ಮಾತು. ಹಾಗಿರುವಾಗ, ರಾಜ ತನ್ನ ದುಡ್ಡಿನಲ್ಲಿ, ತನ್ನ ಗೋಡೆಯ ಮೇಲೆ, ತನ್ನ ಬಗ್ಗೆ ತಾನೇ ಕೆತ್ತಿಸಿದ್ದನ್ನು ಸೀದಾ ನಂಬುವುದು ಯಾವ ಸೀಮೆ ನ್ಯಾಯ?

ಆ ಗೋಡೆಯ ಕಥೆಯನ್ನೇ ತೆಗೆದುಕೊಳ್ಳಿ. ಈಗಿನ ಸಿರಿಯಾದಲ್ಲಿ ನಡೆದ ಕದೇಶ್ ಯುದ್ಧ, ಸುಮಾರು ಕ್ರಿ.ಪೂ. 1274. ಎದುರಾಳಿ ಈಗಿನ ಟರ್ಕಿ ಕಡೆಯ ಹಿಟ್ಟೈಟರು. ಹಿಟ್ಟೈಟರು ದೂರದ ಅಲೆಪ್ಪೊ ಕಡೆ ಇದ್ದಾರೆ ಅಂತ ಇಬ್ಬರು ಅಲೆಮಾರಿಗಳು ಬಂದು ಹೇಳುತ್ತಾರೆ. ನಮ್ಮ ಮಹಾವೀರ ಅದನ್ನು ನಂಬಿ ಒಂದೇ ಒಂದು ದಳದ ಜೊತೆ ಮುಂದೆ ಹೋಗಿ ಡೇರೆ ಹಾಕುತ್ತಾನೆ. ಶತ್ರು ಇದ್ದದ್ದು ಕದೇಶ್ ಊರಿನ ಹಿಂದೆಯೇ! ಹಿಂದೆ ಬರುತ್ತಿದ್ದ ಇನ್ನೊಂದು ದಳ ದಾರಿಯಲ್ಲೇ ಚೆಲ್ಲಾಪಿಲ್ಲಿ. ಹೊತ್ತಿಗೆ ಸರಿಯಾಗಿ ಬೇರೆ ಕಡೆಯಿಂದ ತನ್ನದೇ ಇನ್ನೊಂದು ಪಡೆ ಬಂತು, ಜೀವ ಉಳಿಯಿತು. ಅವನು ಧೈರ್ಯವಾಗಿ ಹೋರಾಡಿರಬಹುದು, ಬೇಡ ಅನ್ನಲ್ಲ. ಆದರೆ ಹಿಡಿಯಲು ಹೋದ ಕದೇಶ್ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಪಕ್ಕದ ಅಮುರ್ರು ಸೀಮೆಯೂ ಅವರ ಕಡೆಗೇ ವಾಪಸ್ ಹೋಯಿತು. ಇವನು ಊರಿಗೆ ಬಂದು ಅಬು ಸಿಂಬೆಲ್, ಕಾರ್ನಾಕ್, ಲಕ್ಸರ್, ಅಬಿಡೋಸ್ ಎಲ್ಲ ಕಡೆ ಗೆದ್ದೆ ಅಂತ ಕೆತ್ತಿಸಿದ.

ಹದಿನೈದು ವರ್ಷದ ಮೇಲೆ, ಸುಮಾರು ಕ್ರಿ.ಪೂ. 1259ರಲ್ಲಿ, ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಒಬ್ಬರ ಮೇಲೊಬ್ಬರು ಏರಿ ಹೋಗಬಾರದು, ಮೂರನೆಯವನು ಬಂದರೆ ಜೊತೆಗೆ ನಿಲ್ಲಬೇಕು, ಓಡಿ ಬಂದವರನ್ನು ವಾಪಸ್ ಕಳಿಸಬೇಕು. ಎರಡು ಕಡೆಗೂ ಒಂದೇ ಶರತ್ತು. ಈಜಿಪ್ಟಿನ ಗೋಡೆ ಏನು ಹೇಳುತ್ತದೆ? ಹಿಟ್ಟೈಟ್ ದೂತರು ಬಂದು ಶಾಂತಿ ಬೇಡಿಕೊಂಡರು ಅಂತ! ಅದೇ ಒಪ್ಪಂದದ ಮಣ್ಣಿನ ಹಲಗೆ ಟರ್ಕಿಯಲ್ಲಿ, ಹಿಟ್ಟೈಟರ ರಾಜಧಾನಿ ಹಟ್ಟುಶಾದಲ್ಲಿ 1906ರಲ್ಲಿ ಸಿಕ್ಕಿತು. ಅದರಲ್ಲಿ ಬೇಡುವ ಮಾತೇ ಇಲ್ಲ. ಗೋಡೆ ಒಂದು, ಹಲಗೆ ಇನ್ನೊಂದು.

ಈ ಜನರ ನಿಜವಾದ ಮುಖ ನೋಡಬೇಕು ಅಂದರೆ ರಾಮ್ಸೆಸನಿಗಿಂತ ನೂರು ವರ್ಷ ಹಿಂದೆ ಹೋಗಬೇಕು. 1887ರಲ್ಲಿ ಈಜಿಪ್ಟಿನ ಅಮಾರ್ನಾ ಅನ್ನುವ ಕಡೆ ಮಣ್ಣಿನ ಹಲಗೆಗಳ ರಾಶಿ ಸಿಕ್ಕಿತು. ಇವತ್ತು ಲೆಕ್ಕಕ್ಕೆ ಸಿಗುವುದು 380ರ ಆಸುಪಾಸು. ಹೆಚ್ಚಿನವು ಫೇರೋ ಮೂರನೇ ಅಮೆನ್‌ಹೋಟೆಪ್ ಮತ್ತು ಅವನ ಮಗ ಅಖೆನಾಟೆನ್‌ಗೆ ಬೇರೆ ರಾಜರು, ಪಾಳೇಗಾರರು ಬರೆದ ಪತ್ರಗಳು. ಅವು ಯಾವ ಭಾಷೆಯಲ್ಲಿವೆ ಗೊತ್ತಾ? ಈಜಿಪ್ಟಿನ ಭಾಷೆಯಲ್ಲಂತೂ ಅಲ್ಲ. ಬಹುಪಾಲು ಬ್ಯಾಬಿಲೋನ್ (ಈಗಿನ ಇರಾಕ್) ಕಡೆಯ ಅಕ್ಕಾಡಿಯನ್ ಭಾಷೆ. ಜಗತ್ತೇ ಕಾಲಿಗೆ ಬೀಳುತ್ತಿದ್ದ ರಾಜ ಹೊರಗಿನವರ ಜೊತೆ ವ್ಯವಹಾರಕ್ಕೆ ಹೊರಗಿನವರ ಭಾಷೆ ಬಲ್ಲ ಗುಮಾಸ್ತರನ್ನು ಸಾಕಿದ್ದ.

ಬ್ಯಾಬಿಲೋನ್, ಉತ್ತರ ಸಿರಿಯಾ ಕಡೆಯ ಮಿತನ್ನಿ, ಹಿಟ್ಟೈಟ್ ರಾಜರು ಫೇರೋನನ್ನು "ಪ್ರಭು" ಅನ್ನುವುದಿಲ್ಲ. "ಸಹೋದರ" ಅನ್ನುತ್ತಾರೆ. ಸಹೋದರ ಅಂದ ಮೇಲೆ ಇದ್ದೇ ಇದೆಯಲ್ಲ, ಜಗಳ. ಎಲ್ಲ ಚಿನ್ನದ ಜಗಳ. ಬ್ಯಾಬಿಲೋನಿನ ಬುರ್ನಬುರಿಯಾಶ್ ಒಂದು ಪತ್ರದಲ್ಲಿ ಬರೆಯುತ್ತಾನೆ, ನೀನು ಕಳಿಸಿದ 20 ಮಿನಾ ಚಿನ್ನ ಕುಲುಮೆಗೆ ಹಾಕಿದರೆ 5 ಮಿನಾನೂ ಬರಲಿಲ್ಲ ಅಂತ. ಒಂದು ಮಿನಾ ಅಂದರೆ ಸುಮಾರು ಅರ್ಧ ಕೆಜಿ. ಹತ್ತು ಕೆಜಿಯಲ್ಲಿ ಎರಡೂವರೆ ಕೆಜಿಯೂ ಇಲ್ಲ! ಓದಿ ಎದ್ದು ನಿಂತುಬಿಟ್ಟೆ. 3,300 ವರ್ಷದ ಹಿಂದೆ ನನ್ನ ಕೌಂಟರ್ ಅಲ್ಲಿ ತೆರೆದಿತ್ತು.

ಮಿತನ್ನಿಯ ರಾಜ ತುಶ್ರತ್ತನ ಗೋಳು ಇನ್ನೂ ದೊಡ್ಡದು. ತನ್ನ ಮಗಳನ್ನು ಈಜಿಪ್ಟಿಗೆ ಕೊಟ್ಟಿದ್ದ. ಹಳೇ ಫೇರೋ ಗಟ್ಟಿ ಚಿನ್ನದ ಎರಕದ ಮೂರ್ತಿ ಕೊಡುತ್ತೇನೆ ಅಂದಿದ್ದ, ಎರಕ ಹೊಯ್ದಿದ್ದನ್ನು ದೂತರೇ ಕಣ್ಣಾರೆ ನೋಡಿದ್ದರು. ಅಷ್ಟರಲ್ಲಿ ಅಪ್ಪ ಸತ್ತ. ಮಗ ಅಖೆನಾಟೆನ್ ಕಳಿಸಿದ್ದೇನು? ಮರದ ಮೂರ್ತಿಗೆ ಚಿನ್ನದ ತಗಡು! ನಮ್ಮ ಭಾಷೆಯಲ್ಲಿ ಒಂದು ಗ್ರಾಂ ಗೋಲ್ಡ್. ನಿಮ್ಮ ದೇಶದಲ್ಲಿ ಚಿನ್ನ ಮಣ್ಣಿನ ಹಾಗೆ ಬಿದ್ದಿದೆ, ಹೀಗೆ ಮಾಡಬಹುದಾ ಅಂತ ತುಶ್ರತ್ತ ಅವನಿಗೆ ಬರೆದ. ಸಾಲದು ಅಂತ ಅವನ ತಾಯಿ ತಿಯೆ ರಾಣಿಗೂ ದೂರು ಬರೆದ. ಬೀಗರ ಮನೆ ಜಗಳ ಅಂದರೆ ಇದು.

(ತುಶ್ರತ್ತ ಅಂದರೆ ದಶರಥ ಅಂತ ಕಾಮೆಂಟ್ ಹಾಕುವವರು ದಯವಿಟ್ಟು ಕೈ ತಡೆಯಿರಿ. ಮಿತನ್ನಿಯವರ ಒಪ್ಪಂದವೊಂದರಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿರುವುದು ನಿಜ, ಖುಷಿ ಪಡೋಣ. ಅಷ್ಟಕ್ಕೇ ಅಯೋಧ್ಯೆಯನ್ನು ಅಲ್ಲಿಗೆ ಸಾಗಿಸಬೇಡಿ.)

ಫೇರೋಗೆ ಗತ್ತು ಇರಲಿಲ್ಲ ಅಂತ ಹೇಳುತ್ತಿಲ್ಲ. ಎಲ್ಲರ ಮನೆ ಹೆಣ್ಣು ತರುತ್ತಿದ್ದ, ತನ್ನ ಮನೆ ಹೆಣ್ಣು ಕೊಡುತ್ತಿರಲಿಲ್ಲ. ಬ್ಯಾಬಿಲೋನಿನ ಕದಶ್ಮನ್ ಎನ್‌ಲಿಲ್ ಕೇಳಿದ್ದಕ್ಕೆ, ಈಜಿಪ್ಟ್ ರಾಜನ ಮಗಳನ್ನು ಯಾರಿಗೂ ಕೊಟ್ಟ ಪದ್ಧತಿ ಇಲ್ಲ ಅಂದುಬಿಟ್ಟ. ಬ್ಯಾಬಿಲೋನಿನವನ ಉತ್ತರ ನೋಡಿ. ಹೋಗಲಿ, ಯಾರೋ ಒಬ್ಬಳು ಚೆಂದದವಳನ್ನು ನಿನ್ನ ಮಗಳು ಅಂತ ಕಳಿಸು, ಇವಳು ರಾಜನ ಮಗಳಲ್ಲ ಅಂತ ಯಾರು ಹೇಳುತ್ತಾರೆ? ಪಾಪ, ಮಾನ ಉಳಿದರೆ ಸಾಕು ಅವನಿಗೆ. ಇಬ್ಬರೂ ಅವರವರ ಊರಿನ ಗೋಡೆಗೆ ಹೆದರಿದವರೇ.

ಷಡ್ಡಕರ ಪರವಾಗಿ ಒಂದು ಮಾತು ಹೇಳಬಹುದು. ಕಾಲಿಗೆ ಬೀಳುವವರೂ ಇದ್ದರು. ಕಾನಾನ್ (ಈಗಿನ ಇಸ್ರೇಲ್, ಲೆಬನಾನ್) ಕಡೆಯ ಪಾಳೇಗಾರರು "ಏಳು ಸಲ ಮತ್ತೆ ಏಳು ಸಲ ಪಾದಕ್ಕೆ ಬಿದ್ದೆ" ಅಂತಲೇ ಪತ್ರ ಶುರು ಮಾಡುತ್ತಾರೆ. ಸರಿ. ಬಿದ್ದವರಿಗೆ ಸಿಕ್ಕಿದ್ದೇನು? ಬಿಬ್ಲೋಸ್ ಊರಿನ ರಿಬ್ ಹದ್ದ ಸೈನಿಕರನ್ನು ಕಳಿಸಿ ಅಂತ ಬರೆದ ಪತ್ರಗಳೇ ಅರವತ್ತರ ಹತ್ತಿರ ಉಳಿದಿವೆ. ಬೇರೆಲ್ಲರಿಗಿಂತ ನೀನೇ ಜಾಸ್ತಿ ಬರೀತೀಯ ಅಂತ ಫೇರೋ ಕಡೆಯಿಂದ ಗದರಿಕೆ ಬಂತು. ಕೊನೆಗೆ ಒಡಹುಟ್ಟಿದ ತಮ್ಮನೇ ಅವನನ್ನು ಊರಿನಿಂದ ಹೊರಗೆ ಹಾಕಿದ.

ಇನ್ನು "ನಮ್ಮ ಶಾಸನಗಳೂ ಹೊಗಳಿಕೆನೇ ಅಲ್ವಾ" ಅನ್ನುತ್ತೀರಿ. ಹೌದು ಸ್ವಾಮಿ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ಮುಂದೆ ಹರ್ಷನ ಹರ್ಷ ಹಾರಿಹೋಯಿತು ಅಂತ ಬರೆದ. ಅದೊಂದೇ ಇದ್ದಿದ್ದರೆ ನಾನೂ ಹುಬ್ಬು ಏರಿಸುತ್ತಿದ್ದೆ. ಆದರೆ ಹರ್ಷನ ಆಸ್ಥಾನದಲ್ಲಿ ಮರ್ಯಾದೆ ಪಡೆದ ಹ್ಯೂಯೆನ್ ತ್ಸಾಂಗನೇ, ಹರ್ಷನಿಗೆ ಈ ರಾಜನನ್ನು ಬಗ್ಗಿಸಲು ಆಗಲಿಲ್ಲ ಅಂತ ಬರೆದಿದ್ದಾನೆ. ಒರೆ ಹಚ್ಚುವುದು ಅಂದರೆ ಇದು. ನಾನು ಕೇಳುವುದೂ ಇಷ್ಟೇ, ಎದುರು ಪಾರ್ಟಿ ಏನು ಹೇಳುತ್ತಾನೆ ನೋಡಿ ಅಂತ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಹೋದ ವರ್ಷ ನನಗೆ ಡೆಂಗ್ಯೂ ಬಂದು ಮಲಗಿದ್ದಾಗ ಅಣ್ಣ ಫೋನ್ ಮಾಡಲಿಲ್ಲ. ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಆಮೇಲೆ ನೋಡಿದರೆ ಬುರ್ನಬುರಿಯಾಶನದ್ದೂ ಇದೇ ಗೋಳು! ನಾನು ಕಾಯಿಲೆ ಬಿದ್ದಾಗ ಸಹೋದರ ಯಾಕೆ ವಿಚಾರಿಸಲಿಲ್ಲ ಅಂತ ಕೋಪ. ಈಜಿಪ್ಟಿನ ದೂತ, ನಮ್ಮ ದೇಶ ದೂರ ಸ್ವಾಮಿ, ಸುದ್ದಿ ಮುಟ್ಟುವುದು ಹೇಗೆ, ಬೇಕಾದರೆ ನಿಮ್ಮ ದೂತನನ್ನೇ ಕೇಳಿ ಅಂದ. ಅವನು ಕೇಳಿದ. ಹೌದು, ದೂರ ಅಂದರು. ಕೋಪ ಬಿಟ್ಟ. ನಮ್ಮ ಅಣ್ಣ ಇರುವುದು ತುಮಕೂರಿನಲ್ಲಿ. ಅದಕ್ಕೇ ನನಗೆ ಅಷ್ಟು ಬೇಗ ಬಿಡಲಾಗಲಿಲ್ಲ.

ಅದೇ ಪತ್ರದಲ್ಲಿ ಕೆಳಗೆ ಮತ್ತೆ ಚಿನ್ನದ ಮಾತು ಬರುತ್ತದೆ. ಈ ಸಲ ಚಿನ್ನವನ್ನು ಯಾವನೋ ಅಧಿಕಾರಿಯ ಕೈಗೆ ಬಿಡಬೇಡ, ನೀನೇ ನೋಡು, ನೀನೇ ಮುದ್ರೆ ಒತ್ತು, ಆಮೇಲೆ ಕಳಿಸು ಅನ್ನುತ್ತಾನೆ. ಷಡ್ಡಕರು ಅಲ್ಲಿಂದ ತಂದ ಪದಕ ನಮ್ಮ ನಾದಿನಿಯ ಕೊರಳಲ್ಲಿತ್ತು. 18 ಕ್ಯಾರೆಟ್ ಅಂತ ಅಂಗಡಿಯವನು ಹೇಳಿದನಂತೆ. ನಾನೇನೂ ಕೇಳಲಿಲ್ಲ. ಒರೆಗಲ್ಲು ಮನೆಯಲ್ಲೇ ಇದೆ.