ದ್ವಿಗುಣಗೊಳ್ಳುವ ವೇಗವೊಂದೇ ಇಳುವರಿಯ ಅಳತೆಯಲ್ಲ

ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾಗಳಾದ ಸಯನೋಬ್ಯಾಕ್ಟೀರಿಯಾಗಳಲ್ಲಿ ಕೆಲವು ಎರಡು ಗಂಟೆಗೊಮ್ಮೆ ದ್ವಿಗುಣಗೊಳ್ಳುವುದರಿಂದ ಅವು ಇಂಧನದಂತಹ ಉತ್ಪನ್ನಗಳ ತಯಾರಿಕೆಯಲ್ಲಿ ಯೀಸ್ಟ್‌ನ ಸ್ಥಾನವನ್ನು ಸುಲಭವಾಗಿ ತುಂಬಬಲ್ಲವು ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಅವುಗಳಲ್ಲೊಂದಾದ ಸಿನೆಕೊಕಾಕಸ್ ಇಲಾಂಗೇಟಸ್‌ನ ಯುಟೆಕ್ಸ್ 2973 ತಳಿ ಆ ವೇಗವನ್ನು ತೋರಿದ್ದು ಸುಮಾರು 41 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಪ್ರಖರ ಬೆಳಕಿನಲ್ಲಿ, ಗಾಳಿಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಒದಗಿಸಿದಾಗ, ಅದೂ ಕೋಶಗಳು ಇನ್ನೂ ವಿರಳವಾಗಿದ್ದ ದ್ರವದಲ್ಲಿ. ಕೋಶಗಳು ದಟ್ಟವಾದಂತೆ ಮೇಲಿನವು ಕೆಳಗಿನವುಗಳಿಗೆ ನೆರಳಾಗುತ್ತವೆ. ಆಮೇಲೆ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುವುದು ತಳಿಯ ವೇಗಕ್ಕಿಂತ ಹೆಚ್ಚಾಗಿ ಪ್ರತಿ ಚದರ ಮೀಟರಿಗೆ ಬೀಳುವ ಬೆಳಕು. ಯೀಸ್ಟ್‌ಗೆ ಬೇಕಾದ ಸಕ್ಕರೆಯನ್ನು ತೊಟ್ಟಿಯ ತಳದವರೆಗೂ ಕಲಕಿ ತಲುಪಿಸಬಹುದು, ಬೆಳಕನ್ನು ಹಾಗೆ ತಲುಪಿಸಲಾಗದು.

ಈ ತಳಿಯ ಮಹತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಅದೇ ಪ್ರಭೇದದ, ನಿಧಾನವಾಗಿ ಬೆಳೆಯುವ ಪಿಸಿಸಿ 7942 ತಳಿಯ ಜೀನೋಮ್‌ಗೂ ಇದರ ಜೀನೋಮ್‌ಗೂ ಅತ್ಯಲ್ಪ ವ್ಯತ್ಯಾಸವಿದ್ದು, ವೇಗದ ಅಂತರಕ್ಕೆ ಮುಖ್ಯ ಕಾರಣ ಮೂರು ಜೀನ್‌ಗಳಲ್ಲಿನ ಬದಲಾವಣೆಗಳು ಎಂದು ತಿಳಿದುಬಂದಿರುವುದು ನನ್ನ ಮಟ್ಟಿಗೆ ಲೇಖನದ ಎಲ್ಲ ಅಂಕಿಗಳಿಗಿಂತ ದೊಡ್ಡ ಸುದ್ದಿ. ಅವುಗಳಲ್ಲೊಂದು, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯನ್ನು ತಯಾರಿಸುವ ಕಿಣ್ವವಾದ ಎಟಿಪಿ ಸಿಂಥೇಸ್‌ಗೆ ಸಂಬಂಧಿಸಿದ್ದು. ಮುಂಬೈಯ ಪೊವಾಯಿ ಕೆರೆಯಲ್ಲಿ ದೊರೆತ ಪಿಸಿಸಿ 11801 ತಳಿಯೂ ಲೇಖನದಲ್ಲಿ ಇರಬೇಕಿತ್ತು, ಏಕೆಂದರೆ ಅದು ಸಾಮಾನ್ಯ ಗಾಳಿಯಲ್ಲಿಯೂ ಚುರುಕಾಗಿ ಬೆಳೆಯುತ್ತದೆ. ಇನ್ನು ಇಂಧನದ ವಿಷಯ: ಇಂಗಾಲದ ಡೈಆಕ್ಸೈಡ್‌ನಿಂದ ಹೀರಿಕೊಂಡ ಇಂಗಾಲವನ್ನು ಕೋಶವು ತನ್ನ ದೇಹಕ್ಕೆ ಬಳಸಿಕೊಂಡಷ್ಟೂ ನಮಗೆ ಬೇಕಾದ ಉತ್ಪನ್ನಕ್ಕೆ ಉಳಿಯುವುದು ಕಡಿಮೆ. ಆದ್ದರಿಂದ ಲೇಖಕರು ದ್ವಿಗುಣಗೊಳ್ಳುವ ಅವಧಿಯ ಜೊತೆಗೆ, ಪ್ರತಿ ಲೀಟರಿಗೆ ದಿನಕ್ಕೆ ಎಷ್ಟು ಗ್ರಾಂ ಉತ್ಪನ್ನ ದೊರೆತಿದೆ ಎಂಬುದನ್ನೂ ಕೊಡಬೇಕಿತ್ತು.