ತಿರಸ್ಕೃತರಿಗೊಂದು ಘಟಿಕೋತ್ಸವ

ಅಮೆರಿಕದಲ್ಲಿ ಕಾಲೇಜು ಸೇರಲು ಹಂಬಲಿಸುವ ಹದಿನಾರು-ಹದಿನೇಳರ ವಿದ್ಯಾರ್ಥಿಯೊಬ್ಬನ ಹೆಸರಿಗೆ 2019ರಲ್ಲಿ ಇದ್ದ ಬೆಲೆ 47 ಸೆಂಟ್, ಅಂದರೆ ಅರ್ಧ ಡಾಲರಿಗೂ ಕಡಿಮೆ. ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸ್‌ಎಟಿ ಪರೀಕ್ಷೆಯ ಒಡೆತನವಿರುವ ಕಾಲೇಜ್ ಬೋರ್ಡ್ (ಕಾಗದಪತ್ರಗಳ ಪ್ರಕಾರ ಅದು ಲಾಭದ ಆಸೆಯಿಲ್ಲದ ಸಂಸ್ಥೆ) ಒಪ್ಪಿಗೆಯ ಚೌಕದಲ್ಲಿ ಗುರುತು ಹಾಕಿದ ಮಕ್ಕಳ ಹೆಸರು-ವಿಳಾಸಗಳನ್ನು, ಇಂತಿಷ್ಟು ಅಂಕದಿಂದ ಇಂತಿಷ್ಟು ಅಂಕದೊಳಗಿನವರು ಬೇಕೆಂದು ಕೇಳಿದ ವಿಶ್ವವಿದ್ಯಾಲಯಗಳಿಗೆ ಈ ದರದಲ್ಲಿ ಒದಗಿಸುತ್ತಿತ್ತು. ಹೆಸರನ್ನು ಕೊಂಡ ವಿಶ್ವವಿದ್ಯಾಲಯವು ಆ ವಿದ್ಯಾರ್ಥಿಗೆ ಹೊಳಪು ಕಾಗದದ ಪುಸ್ತಿಕೆಯನ್ನು ಕಳಿಸುತ್ತದೆ, ವಾರಕ್ಕೆರಡು ಇಮೇಲ್ ಬರೆಯುತ್ತದೆ, ಅವನಿಲ್ಲದೆ ತನ್ನ ಗ್ರಂಥಾಲಯದಲ್ಲಿ ದೀಪವೇ ಉರಿಯುತ್ತಿಲ್ಲವೆಂಬಂತೆ ಕಳವಳ ಪಡುತ್ತದೆ. ಇಷ್ಟು ದೊಡ್ಡ ಸಂಸ್ಥೆ ಇಷ್ಟು ಕಕ್ಕುಲಾತಿಯಿಂದ ಕರೆಯುವಾಗ ಹೋಗದಿರುವುದು ಹೇಗೆ? ಹುಡುಗ ರಾತ್ರಿಯೆಲ್ಲ ಕೂತು ಪ್ರಬಂಧ ಬರೆಯುತ್ತಾನೆ, ಶಿಕ್ಷಕರನ್ನು ಕಾಡಿ ಬೇಡಿ ಶಿಫಾರಸು ಪತ್ರ ಪಡೆಯುತ್ತಾನೆ, ತಂದೆ ಅರ್ಜಿ ಶುಲ್ಕ ಕಟ್ಟುತ್ತಾರೆ. ಮೂರು ತಿಂಗಳ ತರುವಾಯ ಅದೇ ವಿಶ್ವವಿದ್ಯಾಲಯ ಅತ್ಯಂತ ವಿನಯದಿಂದ, ನೀನು ಬೇಡ ಎನ್ನುತ್ತದೆ.

ಇದನ್ನು ಯಾರೋ ಗುಮಾಸ್ತನ ಕಣ್ತಪ್ಪು ಎಂದು ತಿಳಿದುಕೊಳ್ಳಬಾರದು. ಪ್ರವೇಶ ಸಿಗುವ ಸಂಭವ ಅತ್ಯಲ್ಪವಾಗಿರುವಷ್ಟು ಕಡಿಮೆ ಅಂಕದವರ ಹೆಸರುಗಳನ್ನೂ ತಿಳಿದೂ ತಿಳಿದೂ ಕೊಳ್ಳುವುದುಂಟು; ತಿರಸ್ಕರಿಸಲೆಂದೇ ಆಹ್ವಾನಿಸುವ ಈ ಪದ್ಧತಿಗೆ ಆ ವೃತ್ತಿಯವರಲ್ಲಿ ಪ್ರತ್ಯೇಕ ಹೆಸರೇ ಇದೆ. ಕರೆದು ಅವಮಾನ ಮಾಡುವುದು ಲೋಕಕ್ಕೆ ಹೊಸತಲ್ಲ. ಆದರೆ ಹಿಂದಿನ ಕಾಲದಲ್ಲಿ ಹಾಗೆ ಮಾಡುವವರಿಗೆ ಕರೆಸಿಕೊಂಡವನ ಮೇಲೆ ಏನಾದರೊಂದು ಹಗೆಯಾದರೂ ಇರುತ್ತಿತ್ತು. ಇಲ್ಲಿ ಹಗೆಯಿಲ್ಲ, ಭಾಗಾಕಾರವಷ್ಟೇ ಇದೆ.

ಆ ಭಾಗಾಕಾರ ಪ್ರಾಥಮಿಕ ಶಾಲೆಯದು. ಪ್ರವೇಶ ಕೊಟ್ಟವರ ಸಂಖ್ಯೆ ಅಂಶ, ಅರ್ಜಿ ಹಾಕಿದವರ ಸಂಖ್ಯೆ ಛೇದ. ಬರುವ ಪ್ರಮಾಣ ಎಷ್ಟು ಚಿಕ್ಕದೋ ವಿಶ್ವವಿದ್ಯಾಲಯ ಅಷ್ಟು ದೊಡ್ಡದು. ಅಂಶವನ್ನು ಕುಗ್ಗಿಸಿದರೆ ಬೋಧನಾ ಶುಲ್ಕದ ಆದಾಯವೂ ಕುಗ್ಗುತ್ತದೆಯಾದ್ದರಿಂದ ಅದು ಬುದ್ಧಿವಂತರ ದಾರಿಯಲ್ಲ. ಛೇದವನ್ನು ಹಿಗ್ಗಿಸುವುದಕ್ಕೆ ಹೊಸ ಪ್ರಾಧ್ಯಾಪಕರು ಬೇಡ, ಪ್ರಯೋಗಾಲಯ ಬೇಡ, ಒಂದು ಕುರ್ಚಿಯೂ ಹೆಚ್ಚಿಗೆ ಬೇಡ. 47 ಸೆಂಟ್ ಸಾಕು. ಶತಮಾನಗಳಿಂದ ಜ್ಞಾನವನ್ನು ಉತ್ಪಾದಿಸಲು ಹೆಣಗುತ್ತಿದ್ದ ಸಂಸ್ಥೆಗಳಿಗೆ, ಅದಕ್ಕಿಂತ ಎಷ್ಟೋ ಅಗ್ಗವಾಗಿ ನಿರಾಕರಣೆಯನ್ನು ಉತ್ಪಾದಿಸಬಹುದೆಂದು ಹೊಳೆದದ್ದು ಇತ್ತೀಚಿನ ದಶಕಗಳ ದೊಡ್ಡ ಸಂಶೋಧನೆಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ಈ ಸಂಶೋಧನೆಗೆ ಪ್ರೇರಣೆ ಕೊಟ್ಟದ್ದು ಒಂದು ಪತ್ರಿಕೆ. ಯುಎಸ್ ನ್ಯೂಸ್ ಆ್ಯಂಡ್ ವರ್ಲ್ಡ್ ರಿಪೋರ್ಟ್ 1983ರಲ್ಲಿ ಕಾಲೇಜುಗಳ ಅಧ್ಯಕ್ಷರಿಗೆ ಪ್ರಶ್ನಾವಳಿ ಕಳಿಸಿ, ನಿಮ್ಮ ಪ್ರಕಾರ ಯಾವುದು ಉತ್ತಮ ಎಂದು ಕೇಳಿ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಬರಿಯ ಅಭಿಪ್ರಾಯ ಸಾಲದೆಂದು ಮುಂದೆ ಅಂಕಿ-ಅಂಶಗಳನ್ನೂ ಬೆರೆಸಲಾಯಿತು. ಪತ್ರಿಕೆಯ ಮಾಸಿಕ ಮುದ್ರಣ 2010ರ ಡಿಸೆಂಬರ್ ಸಂಚಿಕೆಯೊಂದಿಗೆ ನಿಂತುಹೋಯಿತು, ಪಟ್ಟಿ ಉಳಿಯಿತು. ಮುದ್ರಣವನ್ನೇ ನಡೆಸಲಾಗದೆ ಕೈಬಿಟ್ಟ ಪತ್ರಿಕೆಯೊಂದು, ಶತಮಾನಗಳ ಚರಿತ್ರೆಯಿರುವ ವಿಶ್ವವಿದ್ಯಾಲಯಗಳಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಫಲಿತಾಂಶ ಹೇಳುತ್ತದೆ. ತತ್ತ್ವಶಾಸ್ತ್ರದಿಂದ ಅಣುಭೌತದವರೆಗೆ ಎಲ್ಲವನ್ನೂ ಪ್ರಶ್ನಿಸುವ ವಿದ್ವಾಂಸರ ಸಂಸ್ಥೆಗಳು ಆ ದಿನ ಎದೆ ಹಿಡಿದುಕೊಂಡು ಕಾಯುತ್ತವೆ. ರೀಡ್ ಕಾಲೇಜು 1995ರಲ್ಲೇ ಈ ಆಟಕ್ಕೆ ನಾವಿಲ್ಲ ಎಂದು ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಅದನ್ನು ಅನುಸರಿಸಲು ಉಳಿದವರು ಮುಗಿಬೀಳಲಿಲ್ಲ.

ಈಗ ಛೇದದ ತೂಕ ಎಷ್ಟಿತ್ತೆಂದು ನೋಡೋಣ. ಪ್ರವೇಶ ಪ್ರಮಾಣಕ್ಕೆ ಆ ಪಟ್ಟಿಯ ಸೂತ್ರದಲ್ಲಿ ಕೊನೆಕೊನೆಗೆ ಇದ್ದ ಪಾಲು ನೂರಕ್ಕೆ 1.25. ಒಂದೂಕಾಲು! 2018ರಲ್ಲಿ ಅದನ್ನೂ ಕಿತ್ತುಹಾಕಲಾಯಿತು. ಹಾಗಾದರೆ ಮಾರನೆಯ ದಿನದಿಂದ ಪುಸ್ತಿಕೆಗಳು ನಿಂತುಹೋಗಿರಬೇಕೆಂದು ಮುಗ್ಧರು ಊಹಿಸಬಹುದು. ನಿಲ್ಲಲಿಲ್ಲ. ಅಷ್ಟರೊಳಗೆ ಪೋಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆಡಳಿತ ಮಂಡಳಿಯವರೂ ಒಂದು ಪಾಠವನ್ನು ಚೆನ್ನಾಗಿ ಕಲಿತುಬಿಟ್ಟಿದ್ದರು: ಎಷ್ಟು ಜನರನ್ನು ಒಳಗೆ ಬಿಡಲಿಲ್ಲವೋ ಅಷ್ಟು ಒಳ್ಳೆಯ ವಿದ್ಯೆ ಒಳಗಿದೆ. ಪಟ್ಟಿಯಿಂದ ಅಳತೆಗೋಲನ್ನು ತೆಗೆದರೂ ಅಳೆಸಿಕೊಳ್ಳುವ ಚಟ ಹೋಗಲಿಲ್ಲ. ಅದೇ 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ಇನ್ನು ಮುಂದೆ ಪ್ರವೇಶದ ಋತುವಿನಲ್ಲಿ ಅರ್ಜಿಗಳ ಸಂಖ್ಯೆಯನ್ನು ಘೋಷಿಸುವುದಿಲ್ಲವೆಂದು ಹೇಳಿದಾಗ ಅದರ ಪ್ರಮಾಣ ನೂರಕ್ಕೆ ಐದಕ್ಕೂ ಕೆಳಗೆ ಇಳಿದಿತ್ತು. ಶಿಖರ ಮುಟ್ಟಿದ ಮೇಲೆ ಬೆಟ್ಟ ಹತ್ತುವುದು ಅಷ್ಟೇನೂ ಘನವಾದ ಕೆಲಸವಲ್ಲ ಎನ್ನುವುದರಲ್ಲಿ ಒಂದು ಬಗೆಯ ಋಷಿಸದೃಶ ವೈರಾಗ್ಯವಿದೆ.

ಛೇದವನ್ನು ಹಿಗ್ಗಿಸಲು ಅರ್ಜಿಯನ್ನು ಸುಲಭಗೊಳಿಸುವುದೂ ಒಂದು ಉಪಾಯ. ಹದಿನೈದು ಕಾಲೇಜುಗಳು ಸೇರಿ 1975ರಲ್ಲಿ ಆರಂಭಿಸಿದ ಕಾಮನ್ ಆ್ಯಪ್ಲಿಕೇಶನ್, ಅಂದರೆ ಎಲ್ಲರಿಗೂ ಒಂದೇ ಅರ್ಜಿ ನಮೂನೆ, ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ಸಲ್ಲುತ್ತದೆ. ವಿದ್ಯಾರ್ಥಿಯ ಕಷ್ಟ ಕಡಿಮೆಯಾಗಲೆಂಬ ಒಳ್ಳೆಯ ಉದ್ದೇಶದಿಂದಲೇ ಅದು ಹುಟ್ಟಿತು. ಕಷ್ಟ ಕಡಿಮೆಯಾದಾಗ ಐದು ಕಡೆ ಅರ್ಜಿ ಹಾಕುತ್ತಿದ್ದವನು ಹದಿನೈದು ಕಡೆ ಹಾಕತೊಡಗಿದ. ಹೀಗೆ ಎಲ್ಲರೂ ಹಾಕಿದ್ದರಿಂದ ಎಲ್ಲ ಕಡೆಯೂ ಪ್ರಮಾಣ ಕುಸಿಯಿತು. ಪ್ರಮಾಣ ಕುಸಿದದ್ದನ್ನು ಕಂಡು ಹೆದರಿದವನು ಇಪ್ಪತ್ತು ಕಡೆ ಹಾಕಿದ. ಇದರ ಮೇಲೆ ಕೆಲವು ಸಂಸ್ಥೆಗಳು ಹೆಸರು-ವಿಳಾಸವನ್ನು ತಾವೇ ಮೊದಲೇ ತುಂಬಿಸಿ, ಶುಲ್ಕ ಮನ್ನಾ ಮಾಡಿ, ಪ್ರಬಂಧವೂ ಬೇಡವೆಂದು ಹೇಳಿ, ನೀನು ವಿಶೇಷ ವ್ಯಕ್ತಿಯಾದ್ದರಿಂದ ಈ ಸವಲತ್ತು ಎಂಬ ಟಿಪ್ಪಣಿಯೊಂದಿಗೆ ಅರ್ಜಿಗಳನ್ನು ಕಳಿಸಿದವು. ಅಂಥ ವಿಶೇಷ ವ್ಯಕ್ತಿಗಳ ಸಂಖ್ಯೆ ಸಾವಿರಗಳಲ್ಲಿತ್ತು.

ಎಸ್‌ಎಟಿ ಅಂಕ ಕಡ್ಡಾಯವಲ್ಲ ಎಂಬ ಉದಾರ ನೀತಿಯನ್ನೂ ಇಲ್ಲಿಯೇ ಸ್ಮರಿಸಬೇಕು. ಬಡ ವಿದ್ಯಾರ್ಥಿಗಳಿಗೆ ಅದರಿಂದ ಅನುಕೂಲವಾಗಬೇಕೆಂದು ಪ್ರಾಮಾಣಿಕವಾಗಿ ಬಯಸಿದವರಿದ್ದಾರೆ. ಅವರನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಅಂಕ ಬೇಡವೆಂದಾಗ ಕಡಿಮೆ ಅಂಕದವರು ಧೈರ್ಯವಾಗಿ ಅರ್ಜಿ ಹಾಕುತ್ತಾರೆ, ಹೆಚ್ಚು ಅಂಕದವರು ಮಾತ್ರ ಅಂಕ ಕಳಿಸುತ್ತಾರೆ. ಛೇದವೂ ಬೆಳೆಯಿತು, ಸರಾಸರಿಯೂ ಏರಿತು. ಧರ್ಮ ಮಾಡಿದವನಿಗೆ ಇಷ್ಟು ಬೇಗ ಫಲ ಸಿಕ್ಕ ನಿದರ್ಶನ ಪುರಾಣಗಳಲ್ಲೂ ಅಪರೂಪ.

ಕರೆದವರನ್ನು ಕಳಿಸುವುದು ಒಂದು ಕಲೆಯಾದರೆ, ಒಪ್ಪಿಕೊಂಡವರು ಓಡಿಹೋಗದಂತೆ ನೋಡಿಕೊಳ್ಳುವುದು ಇನ್ನೊಂದು. ಪ್ರವೇಶ ಸಿಕ್ಕವರಲ್ಲಿ ಎಷ್ಟು ಮಂದಿ ನಿಜವಾಗಿ ಬಂದು ಸೇರಿದರೆಂಬ ಲೆಕ್ಕವನ್ನು ಯುಎಸ್ ನ್ಯೂಸ್ 2003ರಲ್ಲೇ ಸೂತ್ರದಿಂದ ಕೈಬಿಟ್ಟಿದೆ, ವಿಶ್ವವಿದ್ಯಾಲಯಗಳು ಕೈಬಿಟ್ಟಿಲ್ಲ. ಅರ್ಲಿ ಡಿಸಿಷನ್ ಎಂಬ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯು ನವೆಂಬರಿನಲ್ಲೇ ಅರ್ಜಿ ಹಾಕಿ, ಸೀಟು ಸಿಕ್ಕರೆ ಇಲ್ಲಿಗೇ ಬರುತ್ತೇನೆ ಎಂದು ವಚನ ಕೊಡುತ್ತಾನೆ. ಬೇರೆ ಕಡೆ ಎಷ್ಟು ಧನಸಹಾಯ ಸಿಗಬಹುದೆಂದು ಹೋಲಿಸಿ ನೋಡಬೇಕಾದ ಸ್ಥಿತಿಯವರು ಇಂಥ ವಚನ ಕೊಡಲಾರರು. ಹೋಲಿಸುವ ಅಗತ್ಯವಿಲ್ಲದ ಮನೆಯವರು ಕೊಡಬಲ್ಲರು. ಕೆಲವು ಪ್ರಸಿದ್ಧ ವಿಶ್ವವಿದ್ಯಾಲಯಗಳಲ್ಲಿ ಅರ್ಧದಷ್ಟು ಸೀಟು ಹೀಗೆಯೇ ತುಂಬುತ್ತದೆ. ಇನ್ನು ತೀರಾ ಬುದ್ಧಿವಂತನೊಬ್ಬ ಅರ್ಜಿ ಹಾಕಿದನೆನ್ನಿ. ಇವನು ಖಂಡಿತ ಹಾರ್ವರ್ಡಿಗೆ ಹೋಗುವವನು, ನಮ್ಮನ್ನು ಕಾಯ್ದಿರಿಸಿಕೊಂಡಿದ್ದಾನೆ ಅಷ್ಟೇ ಎಂದು ಶಂಕಿಸಿ, ಅವನು ನಮ್ಮನ್ನು ಬೇಡವೆನ್ನುವುದಕ್ಕೆ ಮೊದಲು ನಾವೇ ಅವನನ್ನು ಬೇಡವೆಂದುಬಿಡುವ ಕ್ರಮಕ್ಕೆ, ಟಫ್ಟ್ಸ್ ವಿಶ್ವವಿದ್ಯಾಲಯದಿಂದ ಬಂದ, ಟಫ್ಟ್ಸ್ ಸಿಂಡ್ರೋಮ್ ಎಂಬ ಹೆಸರು ರೂಢಿಯಲ್ಲಿದೆ. ದಡ್ಡನಾದರೆ ದಡ್ಡನೆಂದು, ಜಾಣನಾದರೆ ಜಾಣನೆಂದು ಹೊರಗೆ. ನಡುವಿನವನು ಕಾಯುವವರ ಪಟ್ಟಿಯಲ್ಲಿ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಒಳಗೆ ಬಂದವರ ಅಂಕ ಸಾಲದೆಹೋದರೆ ಏನು ಮಾಡಬೇಕು? ಈ ಪ್ರಶ್ನೆಗೆ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯ 2008ರಲ್ಲಿ ಕಂಡುಕೊಂಡ ಉತ್ತರದ ಮುಂದೆ ನಾನು ತಲೆಬಾಗುತ್ತೇನೆ. ಆಗಲೇ ಪ್ರವೇಶ ಪಡೆದಿದ್ದ ಹೊಸ ವಿದ್ಯಾರ್ಥಿಗಳಿಗೆ ಅದು ಎಸ್‌ಎಟಿಯನ್ನು ಇನ್ನೊಮ್ಮೆ ಬರೆಯಲು ಹೇಳಿತು. ಬರೆದವರಿಗೆ ಕ್ಯಾಂಪಸ್ಸಿನ ಪುಸ್ತಕದಂಗಡಿಯಲ್ಲಿ 300 ಡಾಲರ್ ಜಮೆ. ಐವತ್ತು ಅಂಕ ಹೆಚ್ಚು ಗಳಿಸಿದವರಿಗೆ ವರ್ಷಕ್ಕೆ 1,000 ಡಾಲರ್ ವಿದ್ಯಾರ್ಥಿವೇತನ. ಪ್ರವೇಶ ಪರೀಕ್ಷೆಯೆಂದರೆ ಪ್ರವೇಶಕ್ಕಾಗಿ ಬರೆಯುವ ಪರೀಕ್ಷೆ ಎಂದು ನಂಬಿದ್ದವರಿಗೆ, ಅದನ್ನು ಹಾಸ್ಟೆಲಿನಲ್ಲಿ ಹಾಸಿಗೆ ಹಾಸಿದ ಮೇಲೂ ಬರೆಯಬಹುದೆಂದು ತಿಳಿಯಿತು. ಟೀಕೆ ಬಂದ ಮೇಲೆ ವಿಶ್ವವಿದ್ಯಾಲಯವು ತಾನು ಎಡವಿದ್ದಾಗಿ ಒಪ್ಪಿಕೊಂಡಿತೆನ್ನಿ. ಆದರೆ ಈ ಎಡವುವಿಕೆಯಲ್ಲೊಂದು ನಿಷ್ಕಪಟತೆಯಿತ್ತು. ಇದಕ್ಕಿಂತ ಸದ್ದಿಲ್ಲದ ವಿಧಾನವನ್ನು ಅನುಸರಿಸಿದವರು ಹಲವರು: ಪಟ್ಟಿಯು ಎಣಿಸುವುದು ಶರತ್ಕಾಲದಲ್ಲಿ ಸೇರುವವರನ್ನು ಮಾತ್ರವಾದ್ದರಿಂದ, ಅಂಕ ಕಡಿಮೆಯಿರುವವರಿಗೆ ಜನವರಿಯಲ್ಲಿ ಬಾ ಎಂದು ಹೇಳುವುದು. ಶುಲ್ಕ ಪೂರ್ತಿ ಬರುತ್ತದೆ, ವಿದ್ಯಾರ್ಥಿ ಪೂರ್ತಿ ಬರುತ್ತಾನೆ, ಸರಾಸರಿಗೆ ಮಾತ್ರ ಅವನು ಹುಟ್ಟಿಯೇ ಇಲ್ಲ.

ಇಂಥ ಕಸರತ್ತಿಗೆ ಸೋಮಾರಿಗಳಾದವರು ನೇರವಾಗಿ ಸಂಖ್ಯೆಯನ್ನೇ ತಿದ್ದಿದರು. ಕ್ಲೇರ್‌ಮಾಂಟ್ ಮೆಕೆನ್ನಾ ಕಾಲೇಜಿನ ಪ್ರವೇಶಾತಿ ವಿಭಾಗದ ಹಿರಿಯ ಅಧಿಕಾರಿಯೊಬ್ಬರು 2005ರಿಂದಲೂ ಎಸ್‌ಎಟಿ ಅಂಕಗಳನ್ನು ಹಿಗ್ಗಿಸಿ ವರದಿ ಮಾಡಿದ್ದು 2012ರಲ್ಲಿ ಹೊರಬಿತ್ತು. ಅದೇ ವರ್ಷ ಎಮೊರಿ ವಿಶ್ವವಿದ್ಯಾಲಯವು, ತಾನು ಹತ್ತು ವರ್ಷಕ್ಕೂ ಮೀರಿ, ಬಂದು ಸೇರಿದವರ ಅಂಕಗಳ ಬದಲಿಗೆ ಪ್ರವೇಶ ಕೊಟ್ಟವರೆಲ್ಲರ ಅಂಕಗಳನ್ನು ಕಳಿಸುತ್ತಿದ್ದುದಾಗಿ ಒಪ್ಪಿಕೊಂಡಿತು. ಅಂದರೆ ಬಾರದೆ ಹೋದ ಜಾಣರೂ ಅಲ್ಲಿ ಅಂಕಗಳ ರೂಪದಲ್ಲಿ ಓದುತ್ತಿದ್ದರು. ಟೆಂಪಲ್ ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯ ಆನ್‌ಲೈನ್ ಎಂಬಿಎ ಸತತ ನಾಲ್ಕು ವರ್ಷ ಮೊದಲ ಸ್ಥಾನದಲ್ಲಿತ್ತು. ಸೇರಿದವರೆಲ್ಲರೂ ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಅಂಕ ಸಲ್ಲಿಸಿದ್ದಾರೆಂದು ಅದು ವರದಿ ಮಾಡಿತ್ತು. ಸಲ್ಲಿಸಿದವರು ವಾಸ್ತವದಲ್ಲಿ ಐವರಲ್ಲಿ ಒಬ್ಬರಷ್ಟೇ. ಅಲ್ಲಿನ ಮಾಜಿ ಡೀನ್‌ಗೆ 2022ರಲ್ಲಿ ಹದಿನಾಲ್ಕು ತಿಂಗಳ ಸೆರೆವಾಸ ವಿಧಿಸಲಾಯಿತು. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಲೆಕ್ಕಗಳನ್ನು ಅಲ್ಲಿಯದೇ ಗಣಿತ ಪ್ರಾಧ್ಯಾಪಕರೊಬ್ಬರು ಕೂಡಿಸಿ ಕಳೆದು ನೋಡಿ ಹೊಂದುವುದಿಲ್ಲವೆಂದು ತೋರಿಸಿದ ಮೇಲೆ, ಅದು ಎರಡನೆಯ ಸ್ಥಾನದಿಂದ ಹದಿನೆಂಟಕ್ಕೆ ಇಳಿಯಿತು. ಗಣಿತ ವಿಭಾಗವನ್ನು ಇಟ್ಟುಕೊಳ್ಳುವುದರಿಂದ ಇಂಥ ಅಪಾಯಗಳಿವೆ.

ಈ ಎಲ್ಲ ಗದ್ದಲದಲ್ಲಿ ಒಂದು ವರ್ಗದವರಿಗೆ ಮಾತ್ರ ಯಾರೂ ಕೃತಜ್ಞತೆ ಸಲ್ಲಿಸಿಲ್ಲ ಎಂಬುದು ನನ್ನ ಕೊರಗು. ಹತ್ತು ಲಕ್ಷ ಡಾಲರ್ ಕೊಟ್ಟವನ ಹೆಸರು ಕಟ್ಟಡದ ಮೇಲಿದೆ. ನಾಲ್ಕು ವರ್ಷ ಪಾಠ ಕೇಳಿದವನಿಗೆ ಪದವಿಯಿದೆ, ಹಳೆಯ ವಿದ್ಯಾರ್ಥಿಗಳ ಸಂಘವಿದೆ. ಆದರೆ ವಿಶ್ವವಿದ್ಯಾಲಯದ ಘನತೆಯನ್ನು ಪ್ರತಿ ವರ್ಷ ಹೆಗಲ ಮೇಲೆ ಹೊತ್ತು ಎತ್ತಿದವರು ಹೊರಗೇ ಉಳಿದ ಆ ಹತ್ತಾರು ಸಾವಿರ ಮಂದಿ. ಅವರು ಗ್ರಂಥಾಲಯದ ಒಂದು ಪುಸ್ತಕ ಸವೆಸಲಿಲ್ಲ, ಹಾಸ್ಟೆಲಿನ ನೀರು ಬಳಸಲಿಲ್ಲ, ಪ್ರಾಧ್ಯಾಪಕರ ನಿಮಿಷವೊಂದನ್ನೂ ಪೋಲು ಮಾಡಲಿಲ್ಲ. ಶುಲ್ಕ ಕೊಟ್ಟು, ಪ್ರಬಂಧ ಬರೆದು, ಛೇದಕ್ಕೆ ಸೇರಿ ಹೋದರು. ಸಂಸ್ಥೆಯಿಂದ ಏನನ್ನೂ ಪಡೆಯದೆ ಅದರ ಕೀರ್ತಿಯನ್ನು ಹೆಚ್ಚಿಸಿದ ಇವರಿಗಿಂತ ನಿಷ್ಠಾವಂತ ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕಾರು? ಇವರಿಗಾಗಿ ಪ್ರತ್ಯೇಕ ಘಟಿಕೋತ್ಸವ ನಡೆಯಬೇಕು. ಗೇಟಿನ ಹೊರಗೆ ಶಾಮಿಯಾನ ಹಾಕಬಹುದು. ಗೌನು, ಟೋಪಿ ಬೇಡ. ಅಧ್ಯಕ್ಷರು ಗೇಟಿನ ಸರಳುಗಳ ನಡುವಿನಿಂದ ಒಂದೊಂದು ಪ್ರಮಾಣಪತ್ರವನ್ನು ಈಚೆಗೆ ಚಾಚಲಿ. ಜಾಣತನಕ್ಕಾಗಿ ತಿರಸ್ಕೃತರಾದವರಿಗೆ ಚಿನ್ನದ ಪದಕವಿರಲಿ. ಜನವರಿಯಲ್ಲಿ ಬಂದವರನ್ನು ಎಲ್ಲಿ ಕೂರಿಸಬೇಕೆಂಬುದು ಸ್ವಲ್ಪ ತೊಡಕಿನ ವಿಷಯ. ಅವರು ಗೇಟಿನ ಮೇಲೆಯೇ ಕೂರಬಹುದು.

ಸದ್ಯಕ್ಕೆ ಇವರಿಗೆ ಸಿಗುತ್ತಿರುವುದು ಒಂದು ಪತ್ರ. ಆ ಪತ್ರಗಳ ವಾಕ್ಯಗಳು ಬಹುತೇಕ ಒಂದೇ ಅಚ್ಚಿನವು: ನಿನ್ನ ಸಾಧನೆಗಳು ಗಮನಾರ್ಹ, ನಿರ್ಧಾರ ಬಹಳ ಕಷ್ಟದ್ದಾಗಿತ್ತು, ಈ ವರ್ಷ ನಮಗೆ ಹಿಂದೆಂದೂ ಇಲ್ಲದಷ್ಟು ಅರ್ಜಿಗಳು ಬಂದಿದ್ದವು. ಈ ಕೊನೆಯ ಮಾತನ್ನು ಸಮಾಧಾನಕ್ಕಾಗಿ ಹೇಳಿದ್ದಾರೆಂದು ಹುಡುಗ ತಿಳಿಯುತ್ತಾನೆ. ಅವನು ಪತ್ರವನ್ನು ಮಡಿಚಿಡುವ ಹೊತ್ತಿಗೆ, ಎಸ್‌ಎಟಿಯ ಪೂರ್ವತಯಾರಿ ಪರೀಕ್ಷೆಯಾದ ಪಿಎಸ್‌ಎಟಿ ಬರೆದು ಒಪ್ಪಿಗೆಯ ಚೌಕದಲ್ಲಿ ಗುರುತು ಹಾಕಿಬಂದಿರುವ ಅವನ ತಂಗಿಯ ಹೆಸರಿಗೆ ಅದೇ ವಿಶ್ವವಿದ್ಯಾಲಯದಿಂದ ಹೊಳಪು ಕಾಗದದ ಪುಸ್ತಿಕೆಯೊಂದು ಬಂದು ಅಂಚೆಪೆಟ್ಟಿಗೆಯಲ್ಲಿ ಕೂತಿರುತ್ತದೆ.